ಮಲಗಿಸಿದ ಕಲ್ಲು

ನಮ್ಮೂರಿಗೆ ಎರಡು ಹೆಸರುಗಳಿವೆ. ಮೇಲಿನ ರಾಜ್ಯದವರ ನಕ್ಷೆಯಲ್ಲಿ ಒಂದು, ಕೆಳಗಿನ ರಾಜ್ಯದವರ ನಕ್ಷೆಯಲ್ಲಿ ಇನ್ನೊಂದು. ಯಾವುದನ್ನು ಹೇಳಿದರೂ ಯಾರಾದರೊಬ್ಬರು ಬಂದೂಕು ಎತ್ತುತ್ತಾರೆ. ಆದ್ದರಿಂದ ನಾನು ಯಾವುದನ್ನೂ ಹೇಳುವುದಿಲ್ಲ. ನನ್ನ ಹೆಸರನ್ನಾದರೂ ಹೇಳಬಹುದು, ಅದರ ಮೇಲೆ ಇನ್ನೂ ಯಾರೂ ಹಕ್ಕು ಸಾಧಿಸಿಲ್ಲ. ನಾನು ಫಕೀರವ್ವ, ಕಾಶವ್ವನ ತಾಯಿ. ಗಂಡನ ಹೆಸರು ಹೇಳಬಾರದು ಅನ್ನುತ್ತಾರೆ. ಒಂದು ಸಲ ಹೇಳಿ ಬಿಟ್ಟುಬಿಡುತ್ತೇನೆ, ಗದಿಗೆಪ್ಪ. ಇನ್ನು ಮುಂದೆ ಯಜಮಾನರು ಎಂದರೆ ಅವರೇ. ಊರಿನ ಗಡಿಕಲ್ಲುಗಳನ್ನು ಕಾಯುವುದು ಅವರ ಮನೆತನದ ಕೆಲಸ.

ನಮ್ಮ ಕಡೆ ನಿಲ್ಲಿಸಿದ ಕಲ್ಲು ನಡೆಯುತ್ತದೆ, ಮಲಗಿಸಿದ ಕಲ್ಲು ನಡೆಯುವುದಿಲ್ಲ. ಇಷ್ಟು ತಿಳಿದುಕೊಂಡವರು ನಮ್ಮೂರಲ್ಲಿ ಬಾಳಬಹುದು. ನಡೆಯುವುದನ್ನು ಕಣ್ಣಾರೆ ಕಂಡವರಿಲ್ಲ. ಹಾಲು ಕೆನೆಗಟ್ಟುವುದನ್ನು ಯಾರು ಕಂಡಿದ್ದಾರೆ, ಇದೂ ಹಾಗೇ. ಅದಕ್ಕೇ ನಾವು ಬಾಗಿಲಿಗೆ ಕಲ್ಲಿನ ಚೌಕಟ್ಟು ಕೂರಿಸುವುದಿಲ್ಲ, ದನಕ್ಕೆ ಕಲ್ಲಿನ ಗೂಟ ನೆಡುವುದಿಲ್ಲ. ನನ್ನ ಅತ್ತೆಯ ಕಾಲದಲ್ಲಿ ಹೊಸದಾಗಿ ಬಂದ ಮಾಸ್ತರರೊಬ್ಬರು ಹಟ ಮಾಡಿ ಕಲ್ಲುಗೂಟಕ್ಕೆ ಎಮ್ಮೆ ಕಟ್ಟಿ, ಬೇಸಿಗೆ ರಜೆಗೆಂದು ತಮ್ಮ ಊರಿಗೆ ಹೋದರು. ತಿರುಗಿ ಬಂದಾಗ ಗೂಟವೂ ಎಮ್ಮೆಯೂ ಪಕ್ಕದ ಮನೆಯವರ ಹಿತ್ತಿಲಲ್ಲಿದ್ದವು. ಎರಡು ತಿಂಗಳ ಹಾಲನ್ನು ಅವರೇ ಕರೆದುಕೊಂಡಿದ್ದರು. ಪಂಚಾಯಿತಿ ಸೇರಿ, ತಪ್ಪು ಗೂಟದ್ದು ಎಂದು ತೀರ್ಮಾನ ಮಾಡಿತು.

ಸತ್ತವರ ತಲೆಯ ಕಡೆಗೂ ಒಂದು ಕಲ್ಲು ನಿಲ್ಲಿಸುತ್ತೇವೆ. ಅದು ಮನೆಗೆ ಹೊರಡುತ್ತದೆ. ಕೆಲವರದು ಒಂದೇ ವರ್ಷದಲ್ಲಿ ಬರುತ್ತದೆ, ಕೆಲವರದು ಹತ್ತು ವರ್ಷ ಹಿಡಿಯುತ್ತದೆ. ನನ್ನ ಮಾವನ ಕಲ್ಲು ದಾರಿಯಲ್ಲಿ ಸೇಂದಿ ಅಂಗಡಿಯ ಮುಂದೆ ಎರಡು ವರ್ಷ ನಿಂತುಬಿಟ್ಟಿತ್ತು. ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ. ಕಲ್ಲು ಬಾಗಿಲಿಗೆ ಬಂದ ದಿನ ಎಣ್ಣೆ ಹಚ್ಚಿ, ಮೈ ತೊಳೆದು, ಮಲಗಿಸಿ, ಮನೆಗೆ ಮೆಟ್ಟಿಲು ಮಾಡಿಕೊಳ್ಳುತ್ತೇವೆ. ಅವತ್ತಿಗೆ ಸಾವು ಮುಗಿಯಿತು. ಅಲ್ಲಿಯವರೆಗೆ ಆ ಮನೆಯಲ್ಲಿ ಸಿಹಿ ಮಾಡುವಂತಿಲ್ಲ. ನನ್ನ ಮನೆಯ ಮುಂದೆ ಐದು ಮೆಟ್ಟಿಲುಗಳಿವೆ. ಎಲ್ಲಕ್ಕಿಂತ ಮೇಲಿನದು ನನ್ನ ಅತ್ತೆ. ಬದುಕಿದ್ದಾಗ ಅವಳು ನನ್ನನ್ನು ತುಳಿದಳು, ಈಗ ನಾನು ದಿನಕ್ಕೆ ಇಪ್ಪತ್ತು ಸಲ ಅವಳನ್ನು ತುಳಿಯುತ್ತೇನೆ. ಲೆಕ್ಕ ಚುಕ್ತಾ.

ನಾನು ಮದುವೆಯಾಗಿ ಬರುವ ಮೊದಲೇ ಎರಡು ರಾಜ್ಯಗಳು ಕಾದಾಡಿ ಕಾದಾಡಿ ದಣಿದು, ಒಪ್ಪಂದ ಮಾಡಿಕೊಂಡು, ಊರಿನ ನಟ್ಟನಡುವೆ ಹತ್ತೊಂಬತ್ತು ಗಡಿಕಲ್ಲು ನೆಟ್ಟಿದ್ದವು. ಊರ ಹಿರಿಯರು ಮಲಗಿಸಿ ಹೂಳಿರಿ ಎಂದು ಬೇಡಿಕೊಂಡರಂತೆ. ಗಡಿ ಮಲಗಬಾರದು, ಎದ್ದು ನಿಂತಿರಬೇಕು ಎಂದು ದೊಡ್ಡ ಸಾಹೇಬರು ನಕ್ಕರಂತೆ. ಕಲ್ಲುಗಳು ನಿಂತವು, ಸಹಜವಾಗಿ ನಡೆದವು. ಒಂದು ಮೇಲಕ್ಕೆ, ಒಂದು ಕೆಳಕ್ಕೆ, ಒಂದು ಕೆರೆಯ ಕಡೆಗೆ. ಅವನ್ನು ತಿರುಗಿ ಜಾಗಕ್ಕೆ ತರುವ ಕೆಲಸ ನಮ್ಮ ಮನೆಯವರ ಪಾಲಿಗೆ ಬಂತು. ಕಾರ ಹುಣ್ಣಿಮೆಯ ದಿನ ಎತ್ತುಗಳಿಗೆ ಬಣ್ಣ ಹಚ್ಚುವಾಗ ಕಲ್ಲುಗಳಿಗೂ ಕೆಮ್ಮಣ್ಣು ಹಚ್ಚಿ, ಹೋಳಿಗೆಯ ಎಡೆ ಮಾಡಿ, ಹಗ್ಗ ಹಾಕಿ ಎತ್ತು ಹೂಡಿ ಎಳೆದು ಅವುಗಳ ಗುಂಡಿಗೆ ಇಳಿಸುವುದು. ಆಗಿನ ಸಿಪಾಯಿಗಳು ಎರಡೂ ಕಡೆ ಸುತ್ತಮುತ್ತಲಿನವರೇ. ಬಂದೂಕನ್ನು ಬೇವಿನ ಮರಕ್ಕೆ ಒರಗಿಸಿ ಹಗ್ಗಕ್ಕೆ ಕೈ ಹಚ್ಚುತ್ತಿದ್ದರು, ಹೋಳಿಗೆ ತಿಂದು ತಮ್ಮ ತಮ್ಮ ಕಡೆಗೆ ಹೋಗುತ್ತಿದ್ದರು. ನಲವತ್ತು ವರ್ಷ ಆ ಗಡಿ ಅಲುಗದೆ ಉಳಿದದ್ದು ನಮ್ಮ ಮನೆತನದ ಒಂದು ಜೋಡಿ ಎತ್ತಿನಿಂದ. ಯಾರೂ ಪದಕ ಕೊಡಲಿಲ್ಲ, ನಾವೂ ಕೇಳಲಿಲ್ಲ.

ಏಳನೆಯ ಕಲ್ಲು ನಮ್ಮ ಹಿತ್ತಿಲ ಹಿಂದಿನದು. ಕಾಶವ್ವ ನಡೆಯಲು ಕಲಿತದ್ದೇ ಅದನ್ನು ಹಿಡಿದುಕೊಂಡು. ಒಬ್ಬಳೇ ಮಗಳು, ಅಣ್ಣತಮ್ಮಂದಿರಿಲ್ಲ. ಅದನ್ನೇ ಏಳಣ್ಣ ಎಂದು ಕರೆದಳು. ಊರವರು ಕಲ್ಲಿಗೆ ವರ್ಷಕ್ಕೊಮ್ಮೆ ಉಣ್ಣಿಸಿದರೆ ಇವಳು ದಿನಾ ತನ್ನ ರೊಟ್ಟಿಯ ಅಂಚು ಮುರಿದು ಅದರ ಬುಡಕ್ಕೆ ಇಡುತ್ತಿದ್ದಳು. ನಾನು ಬೈಯುತ್ತಿದ್ದೆ. ಕಾಗೆಗಳಿಗೆ ಹಬ್ಬವಾಗುತ್ತಿತ್ತು.

ಅವಳನ್ನು ಕೆಳಗಿನ ಓಣಿಯ ಯಮನೂರಪ್ಪನಿಗೆ ಕೊಟ್ಟೆವು. ನಮ್ಮ ಹಿತ್ತಿಲಿಂದ ಅವನ ಮನೆಗೆ ನೂರು ಮಾರು ದೂರ, ನಡುವೆ ಗಡಿ. ಗಡಿ ದಾಟುವುದೆಂದರೆ ಆಗ ಬಾವಿಗೆ ನೀರಿಗೆ ಹೋಗಿ ಬಂದಷ್ಟೇ ಸುಲಭ. ಮದುವೆಯಾದ ವರ್ಷವೇ ಏಳನೆಯ ಕಲ್ಲು ದಾಪುಗಾಲು ಹಾಕಿ ಕೆಳಗಿನ ಓಣಿಯ ಕಡೆ ಹೊರಟಿತು. "ತಂಗಿ ಮನಿಗೆ ಉಡಿ ತುಂಬಾಕ ಹೊಂಟಾನ ನಿನ್ನ ಮಗ" ಎಂದು ಓಣಿಯ ಹೆಂಗಸರು ನನ್ನನ್ನು ಕಾಡಿದರು. ನನಗೂ ನಗು ಬಂತು. ಆಗ ನಗುವುದು ಅಗ್ಗವಾಗಿತ್ತು.

ಆಮೇಲೆ ಎಲ್ಲೋ ನೂರು ಹರದಾರಿ ದೂರದಲ್ಲಿ, ಕುರಿ ಕೂಡ ಹತ್ತದ ಒಂದು ಗುಡ್ಡಕ್ಕಾಗಿ ಎರಡು ರಾಜ್ಯಗಳಿಗೂ ಜಗಳ ಹತ್ತಿತು. ಕೋಣ ಕೋಣ ಕಾದಾಡಿದರೆ ಗಿಡಕ್ಕೆ ಮೃತ್ಯು ಅನ್ನುತ್ತಾರಲ್ಲ, ಆ ಗಿಡ ನಾವು. ಪರಿಚಯದ ಸಿಪಾಯಿಗಳೆಲ್ಲ ಹೋದರು. ಎರಡೂ ಕಡೆ ಹೊಸ ಪಲ್ಟನ್‌ಗಳು ಬಂದವು. ಅವರ ಹತ್ತಿರ ಆಕಾಶದಿಂದ ಅಳೆಯುವ ಯಂತ್ರವಿತ್ತು. ಬಂದ ದಿನ ಕಲ್ಲುಗಳು ಎಲ್ಲೆಲ್ಲಿ ನಿಂತಿದ್ದವೋ ಅದನ್ನೇ ಗಡಿ ಎಂದು ಬರೆದುಕೊಂಡರು. ಬಾವಿಯ ಹತ್ತಿರ ಗೇಟು ಹಾಕಿ ಬೀಗ ಜಡಿದರು. ಕಾಶವ್ವನಿಗೆ ಆಗ ಏಳು ತಿಂಗಳು. ಮೊದಲ ಹೆರಿಗೆ ತವರಿನಲ್ಲಿ ಆಗಬೇಕು. ನಾನು ಹಸಿರು ಸೀರೆ ತಂದಿಟ್ಟಿದ್ದೆ, ಸೀಮಂತಕ್ಕೆ ಕುಬಸದ ಖಣ ಹೊಲಿಸಿದ್ದೆ, ಬಾಣಂತಿಯ ಕೋಣೆಗೆ ಸೆಗಣಿ ಸಾರಿಸಿ ಕಿಟಕಿಗೆ ಕಂಬಳಿ ಕಟ್ಟಿದ್ದೆ. ಬರಬೇಕಾದವಳು ಬೀಗದ ಆಚೆ ಇದ್ದಳು.

ಯಜಮಾನರನ್ನು ಕರೆದುಕೊಂಡು ನಮ್ಮ ಕಡೆಯ ಸಾಹೇಬರ ಡೇರೆಗೆ ಹೋದೆ. ಕನ್ನಡಕದ, ಮೆತ್ತಗಿನ ದನಿಯ ಮನುಷ್ಯ. ದೂರದ ಊರಿನವರು, ಪುಸ್ತಕದ ಮಾತಾಡುತ್ತಿದ್ದರು.

"ಸಾಹೇಬ್ರ, ಮಗಳಿಗೆ ಇದು ಚೊಚ್ಚಲ. ತವರಿಗೆ ಕರಕೊಂಡು ಬರೂದು ನಮ್ಮ ರಿವಾಜು. ಒಂದ ತಾಸು ಗೇಟ ತೆಗೀರಿ" ಎಂದೆ.

"ಇಪ್ಪತ್ತೊಂದು ದಿನ ತಡೆಯಿರಿ ತಾಯಿ" ಎಂದರು. "ಎರಡೂ ಕಡೆಯ ಅಧಿಕಾರಿಗಳು ಸೇರಿ ಕಲ್ಲುಗಳನ್ನು ಇನ್ನೊಮ್ಮೆ ಅಳೆಯುತ್ತಾರೆ. ಬರೆದುಕೊಂಡ ಜಾಗದಲ್ಲೇ ಇದ್ದರೆ ಸಹಿಯಾಗುತ್ತದೆ, ಅದೇ ದಿನ ಗೇಟು ತೆರೆಯುತ್ತದೆ. ಮೊದಲು ನಿಮ್ಮ ಮಗಳನ್ನೇ ಬಿಡಿಸುತ್ತೇನೆ. ಆದರೆ ಅಲ್ಲಿಯವರೆಗೆ ಯಾರೂ ಯಾವ ಕಲ್ಲನ್ನೂ ಸರಿಸಬಾರದು. ಪೂಜೆ ಮಾಡಿಕೊಳ್ಳಿ, ಅಡ್ಡಿಯಿಲ್ಲ."

"ನಾವು ಸರಸೂದಿಲ್ರೀ" ಎಂದರು ಯಜಮಾನರು. "ಅವ ಸರೀತಾವ."

ಸಾಹೇಬರು ಕನ್ನಡಕ ತೆಗೆದು ಒರೆಸಿಕೊಂಡರು. ಸಿಟ್ಟಾಗಲಿಲ್ಲ, ಅಯ್ಯೋ ಪಾಪ ಎನ್ನುವ ಹಾಗೆ ನೋಡಿದರು. "ಈ ಮಾತನ್ನು ಬೇರೆ ಯಾರ ಮುಂದೆಯೂ ಆಡಬೇಡಿ" ಎಂದು ಕಳಿಸಿಬಿಟ್ಟರು.

ಅವತ್ತಿಗೆ ಏಳನೆಯ ಕಲ್ಲು ಕಾಶವ್ವನ ಹಿತ್ತಿಲಿಂದ ಇಪ್ಪತ್ತು ಮಾರು ದೂರದಲ್ಲಿತ್ತು. ಅವಳು ಬಸುರಾದ ಮೇಲೆ ಅದರ ನಡಿಗೆ ಇನ್ನೂ ಚುರುಕಾಗಿತ್ತು, ಮೂರು ದಿನಕ್ಕೊಂದು ಮಾರು. ಇಪ್ಪತ್ತೊಂದು ದಿನವೆಂದರೆ ಏಳು ಮಾರು. ಉಳಿದ ಕಲ್ಲುಗಳು ಅಷ್ಟರಲ್ಲಿ ಒಂದು ಗೇಣು ಸರಿದರೆ ಹೆಚ್ಚು, ಇದೊಂದೇ ಎಲ್ಲರ ಕಣ್ಣಿಗೆ ಬೀಳುವಂಥದ್ದು. ಅಷ್ಟು ನೆಲ ಮೇಲಿನವರು ಕದ್ದರು ಎಂದು ಕೆಳಗಿನವರು ಹುಯಿಲೆಬ್ಬಿಸುತ್ತಾರೆ, ಸಹಿ ಆಗುವುದಿಲ್ಲ, ಗೇಟು ತೆರೆಯುವುದಿಲ್ಲ, ನನ್ನ ಮಗಳು ಬರುವುದಿಲ್ಲ. ಇದು ಕೂಸಿಗೂ ತಿಳಿಯುವ ಲೆಕ್ಕ.

ಕಾಶವ್ವ ದಿನಾ ಬೆಳಿಗ್ಗೆ ತನ್ನ ಮಾಳಿಗೆಯ ಮೇಲೆ ಹತ್ತಿ ನಿಲ್ಲುತ್ತಿದ್ದಳು, ನಾನು ನಮ್ಮ ಹಿತ್ತಿಲಲ್ಲಿ. ಗಂಟಲು ಹರಿಯುವಂತೆ ಕೂಗಿ ಮಾತಾಡುತ್ತಿದ್ದೆವು.

"ಅವ್ವಾ, ಏಳಣ್ಣ ಇವತ್ತ ಮತ್ತ ಹತ್ರ ಬಂದಾನ. ನಿನಗಿಂತ ಮೊದಲ ಅವನ ನನ್ನ ಕರಿಯಾಕ ಬರ್ತಾನ ನೋಡ!"

"ಹುಚ್ಚ ಹುಡುಗಿ, ಅಂವಗ ಬರಬ್ಯಾಡ ಅನ್ನು!"

"ನಾ ಹೇಳಿದ್ರ ಕೇಳ್ತಾನೇನ? ಅಣ್ಣ ಅಂವಾ!"

ಅವಳು ನಗುತ್ತಿದ್ದಳು. ನನಗೆ ಅನ್ನ ಸೇರುತ್ತಿರಲಿಲ್ಲ.

ಸಾಹೇಬರನ್ನು ಕಂಡ ಎರಡನೆಯ ದಿನ ಕಾರ ಹುಣ್ಣಿಮೆ. ನಲವತ್ತು ವರ್ಷಗಳಲ್ಲಿ ಮೊದಲ ಸಲ ಎತ್ತಿಗೆ ಬಣ್ಣ ಹಚ್ಚಿ ಕಲ್ಲಿಗೆ ಹಗ್ಗ ಹಾಕದ ಹುಣ್ಣಿಮೆ. ಯಜಮಾನರು ಅಂಗಳದಲ್ಲಿ ಹಗ್ಗ ಹಿಡಿದು ಕೂತಿದ್ದರು. ಅವರನ್ನು ನೋಡುತ್ತಾ ಹೂರಣ ರುಬ್ಬುತ್ತಿದ್ದವಳಿಗೆ ಥಟ್ಟನೆ ಹೊಳೆಯಿತು. ಹೊಳೆಯದೆ ಇದ್ದಿದ್ದರೆ, ಆ ಗಳಿಗೆಯಲ್ಲಿ ನನಗೊಂದು ತಲೆನೋವಾದರೂ ಬಂದಿದ್ದರೆ ಎಂದು ಎಷ್ಟು ಸಲ ಅಂದುಕೊಂಡಿದ್ದೇನೆ.

"ಎಳದರ ತಪ್ಪು. ಮಲಗಿಸಿದ್ರ?" ಎಂದೆ. "ಇದ್ದಲ್ಲೇ ಮಲಗಸೂಣು. ಮಲಗಿದ ಕಲ್ಲು ನಡಿಯೂದಿಲ್ಲ. ಅಳತೀ ದಿವಸ ಬೆಳಿಗ್ಗೆ ಎಬ್ಬಿಸಿ ನಿಲ್ಲಸ್ರಿ. ಸರಸಬ್ಯಾಡ ಅಂದಾರ, ನಾವೇನು ಸರಸಾಕತ್ತಿಲ್ಲಲ್ಲ."

ಯಜಮಾನರು ನನ್ನ ಮುಖ ನೋಡಿದರು. ಅವರ ಕಣ್ಣು ಹೊಳೆಯಿತು. "ಖರೇ ಅಂದ್ರ ಸಾಹೇಬ್ರ ಜಾಗಾದಾಗ ನೀ ಕೂಡಬೇಕಾಗಿತ್ತು" ಎಂದರು. ಮದುವೆಯಾಗಿ ಮೂವತ್ತು ವರ್ಷಗಳಲ್ಲಿ ಅವರು ನನ್ನ ಬುದ್ಧಿಯನ್ನು ಹೊಗಳಿದ್ದು ಅದೊಂದೇ ಸಲ.

ಎರಡು ದಿನಕ್ಕೆ ಕಲ್ಲು ಒಂದೆರಡು ಮೊಳ ಸರಿದಿತ್ತು. ಹೋದರೆ ಹೋಗಲಿ, ಮೊಳದಷ್ಟು ನೆಲಕ್ಕೆ ಯಾರು ಯುದ್ಧ ಮಾಡುತ್ತಾರೆ ಅಂದುಕೊಂಡೆ. ನಡುಮಧ್ಯಾಹ್ನ, ಎಲ್ಲರ ಕಣ್ಣೆದುರಿಗೇ ಹೋದೆವು. ಕಳ್ಳತನ ಮಾಡುವವರು ಹಲಗೆ ಬಡಿಸಿಕೊಂಡು ಹೋಗುತ್ತಾರೆಯೇ? ನಾವು ಹಲಗೆ ಬಡಿಸಿಕೊಂಡೇ ಹೋದೆವು. ಪೂಜೆ ಎಂದೆವು, ನಮ್ಮ ಕಡೆಯ ಪಹರೆಯವರು ಬಿಟ್ಟರು. ಏಳಣ್ಣನಿಗೆ ಮೈ ತೊಳೆದು, ಎಣ್ಣೆ ಸವರಿ, ಕೆಮ್ಮಣ್ಣು ಹಚ್ಚಿ, ಹೋಳಿಗೆ ಇಟ್ಟೆ. ಯಜಮಾನರು ಹಾರೆಯಿಂದ ಬುಡ ಸಡಿಲಿಸಿ, ಅದರ ಬೆನ್ನಿಗೆ ಕೈ ಕೊಟ್ಟು, ತೊಟ್ಟಿಲಿಗೆ ಕೂಸನ್ನು ಇಳಿಸುವಷ್ಟು ನಿಧಾನವಾಗಿ ಮಲಗಿಸಿದರು.

"ಹತ್ತೊಂಬತ್ತ ದಿನ ಮಲಗಪಾ. ನಿನ್ನ ತಂಗಿ ಮನಿಗೆ ಬರಲಿ. ಆಮ್ಯಾಲ ನಾನ ಬಂದು ಎಬ್ಬಸ್ತೀನಿ."

ಮಾಳಿಗೆಯ ಮೇಲಿಂದ ಕಾಶವ್ವ ಚಪ್ಪಾಳೆ ತಟ್ಟಿದಳು. "ಅಪ್ಪಾ, ಅಂವಗ ತಲಿದಿಂಬ ಕೊಡೋ!" ಎಂದು ಕೂಗಿದಳು. ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ನಗುತ್ತಿದ್ದಳು. ನಾನು ಅವಳ ದನಿ ಕೇಳಿದ್ದು ಅದೇ ಕೊನೆ.

ಗಡಿಕಲ್ಲನ್ನು ಯಾವ ಕಡೆಯವರು ಕೆಡವಿದರೂ ಒಪ್ಪಂದ ಮುರಿದಂತೆ ಎಂದು ಆ ಹಳೆಯ ಕರಾರಿನಲ್ಲಿ ಬರೆದಿತ್ತಂತೆ. ಎರಡು ರಾಜಧಾನಿಗಳ ಎರಡು ಕಪಾಟುಗಳಲ್ಲಿ ಅದು ನಲವತ್ತು ವರ್ಷ ಬೆಚ್ಚಗೆ ಕೂತಿತ್ತು. ನಮಗೆ ಯಾರು ಓದಿ ಹೇಳಬೇಕು? ಕೆಳಗಿನವರ ಪಹರೆಯವನು ದುರ್ಬೀನಿನಲ್ಲಿ ಕಂಡದ್ದು ಮಲಗಿದ ಏಳಣ್ಣನನ್ನಲ್ಲ, ಕೆಡವಿದ ಗಡಿಯನ್ನು. ಹತ್ತಿರದಿಂದ ನೋಡಲು ಅವರ ಸಿಪಾಯಿಗಳು ಯಂತ್ರ, ಬಂದೂಕು ಹೊತ್ತುಕೊಂಡು ಕಾಶವ್ವನ ಮಾಳಿಗೆ ಹತ್ತಿದರು. ಕಲ್ಲಿಗೆ ಹತ್ತಿರದ ಮಾಳಿಗೆ ಅದೇ. ಬಂದೂಕು ಮಾಳಿಗೆ ಹತ್ತಿದ್ದನ್ನು ನಮ್ಮ ಕಡೆಯವರು ಕಂಡರು.

ನಾವು ಆಗಷ್ಟೇ ಮನೆಗೆ ಬಂದು ಕೈಕಾಲು ತೊಳೆದಿದ್ದೆವು. ಯಜಮಾನರ ತಟ್ಟೆಗೆ ಹೋಳಿಗೆ ಹಾಕಿ ತುಪ್ಪದ ಗಿಂಡಿಗೆ ಕೈ ಚಾಚಿದೆ, ಮನೆ ಅಲುಗಿತು. ಮೊದಲು ಹೊಡೆದವರು ಯಾರು ಎಂದು ಎರಡು ರಾಜ್ಯಗಳೂ ಇವತ್ತಿಗೂ ವಾದ ಮಾಡುತ್ತಿವೆ. ನನಗೆ ಗೊತ್ತಿರುವುದು ಇಷ್ಟೇ. ಕಾಶವ್ವನ ಮನೆಯ ಮೇಲೆ ಬಿದ್ದ ಫಿರಂಗಿ ಗುಂಡು ನಮ್ಮ ಕಡೆಯಿಂದ ಹೋದದ್ದು. ನನ್ನ ತಲೆಯ ಮೇಲಿಂದಲೇ ಹೋಯಿತು.

ಮೂರು ದಿನ ಹೊಡೆದಾಡಿದರು. ನಾಲ್ಕನೆಯ ದಿನ ಹೆಣ ಎತ್ತಲು ಬಿಡುವು ಕೊಟ್ಟರು. ಯಮನೂರಪ್ಪ ಹುಣ್ಣಿಮೆಯ ದಿನ ಎತ್ತು ಮೆರೆಸಲು ಹೋಗಿದ್ದವನು, ಉಳಿದುಕೊಂಡಿದ್ದ. ಅವನು ಅವಳನ್ನು ಆ ಕಡೆಯ ಮಾವಿನ ತೋಪಿನಲ್ಲಿ ಮಣ್ಣು ಮಾಡುವುದನ್ನು ನಾನು ನಮ್ಮ ಹಿತ್ತಿಲಿಂದ ನೋಡಿದೆ. ಹೆತ್ತವಳು ಒಂದು ಹಿಡಿ ಮಣ್ಣು ಹಾಕುತ್ತೇನೆ ಎಂದರೂ ಯಾರೂ ಬಿಡಲಿಲ್ಲ. ಅವನು ತಲೆಯ ಕಡೆ ಕಲ್ಲು ನಿಲ್ಲಿಸಿ, ನಮ್ಮ ಕಡೆ ತಿರುಗಿ ಕೈ ಮುಗಿದ. ಆಮೇಲೆ ಆ ಓಣಿಯವರನ್ನೆಲ್ಲ ಅವರ ಸರ್ಕಾರ ಎಲ್ಲಿಗೋ ಸಾಗಿಸಿತು. ಅವನನ್ನು ಮತ್ತೆ ನೋಡಲಿಲ್ಲ. ಹಸಿರು ಸೀರೆ ಪೆಟ್ಟಿಗೆಯಲ್ಲೇ ಇದೆ.

ಅದೇ ದಿನ ನಮ್ಮ ಕಡೆಯ ಸಿಪಾಯಿಗಳು ಯಜಮಾನರನ್ನು ಹಿಡಿದುಕೊಂಡು ಹೋದರು. ನಾನು ಸಾಹೇಬರ ಡೇರೆಗೆ ಓಡಿ, ಅವರ ಮೇಜಿನ ಕಾಲು ಹಿಡಿದುಕೊಂಡೆ.

"ನಾವು ಕೆಡವಿಲ್ರೀ ಸಾಹೇಬ್ರ, ಮಲಗಿಸಿದ್ವಿ. ನಿಂತ ಕಲ್ಲು ನಡೀತಾವು, ಮಲಗಿಸಿದ್ರ ನಡಿಯೂದಿಲ್ಲ. ಗಡಿಕಲ್ಲಷ್ಟ ಅಲ್ಲ, ಸತ್ತವರ ಕಲ್ಲೂ ಹಂಗ. ಗೇಟ ತೆಗೀಲಿ ಅಂತ ಮಾಡಿದ್ದು. ಬುದ್ಧಿ ಹೇಳಿದಾಕಿ ನಾನು, ನನ್ನ ಒಯ್ಯಿರಿ."

ಈ ಸಲ ಅವರು ಕನ್ನಡಕ ತೆಗೆಯಲಿಲ್ಲ. ಹತ್ತೊಂಬತ್ತು ಕಲ್ಲುಗಳನ್ನೂ ಯಂತ್ರದಿಂದ ಮತ್ತೆ ಅಳೆಸಿದ್ದರು. ಹುಣ್ಣಿಮೆಯಿಂದ ಈಚೆಗೆ ಎಲ್ಲವೂ ಇಷ್ಟಿಷ್ಟು ಸರಿದಿದ್ದವು, ಮಲಗಿದ್ದ ಒಂದನ್ನು ಬಿಟ್ಟು. ನನ್ನ ಮಾತನ್ನು ಒಂದಕ್ಷರ ಬಿಡದೆ ಬರೆದುಕೊಂಡರು. "ಮಲಗಿಸಿದರೆ ನಡೆಯುವುದಿಲ್ಲ. ಖಚಿತವೇ?" ಎಂದು ಕೇಳಿದರು. "ನಡಿಯೂದಿಲ್ರೀ" ಎಂದೆ. ಆ ಸಾಲಿನ ಕೆಳಗೆ ಗೆರೆ ಎಳೆದರು, ನನ್ನ ಹೆಬ್ಬೆಟ್ಟು ಒತ್ತಿಸಿಕೊಂಡರು. ಆ ಕಾಗದದ ದೆಸೆಯಿಂದಲೇ ಯಜಮಾನರ ಜೀವ ಉಳಿಯಿತು ಎಂದು ಆಮೇಲೆ ಹೇಳಿದರು. ಹದಿನಾಲ್ಕು ತಿಂಗಳ ಮೇಲೆ ಬಿಟ್ಟರು. ಹೋಗುವಾಗ ಕಲ್ಲು ಎತ್ತುತ್ತಿದ್ದವರು, ಬಂದಾಗ ತಂಬಿಗೆ ಎತ್ತಲೂ ಎರಡು ಕೈ ಬೇಕಾಗುತ್ತಿತ್ತು.

ಕಾಶವ್ವನ ಕಲ್ಲು ಮೊದಲು ಗಂಡನ ಮನೆಗೆ ಹೊರಟಿತು. ಕೊಟ್ಟ ಹೆಣ್ಣಿನ ಕಲ್ಲು ಕೊಟ್ಟ ಮನೆಗೇ ಹೋಗಬೇಕು, ಲಾಗಾಯ್ತಿನಿಂದ ಬಂದದ್ದು. ಅಲ್ಲಿ ಮನೆಯಿರಲಿಲ್ಲ, ಗುಂಡು ಬಿದ್ದ ಕುಳಿ ಇತ್ತು, ನೀರು ತುಂಬಿ ಕಪ್ಪೆ ಕೂಗುತ್ತಿದ್ದವು. ಎರಡು ವರ್ಷ ಕುಳಿಯ ಅಂಚಿನಲ್ಲಿ ನಿಂತಿತು. ಮೂರನೆಯ ವರ್ಷ ಮಳೆ ನಿಂತ ಮೇಲೆ ನೋಡಿದರೆ ನಮ್ಮ ಕಡೆಗೆ ಒಂದು ಮಾರು ಬಂದಿತ್ತು. ನಾನು ಯಾರಿಗೂ ಹೇಳಲಿಲ್ಲ, ಕಣ್ಣು ಮಂಜಾಗಿರಬೇಕು ಅಂದುಕೊಂಡೆ. ಯಜಮಾನರು ನೋಡಿ, "ಆಕಿ ಹೊಂಟಾಳ" ಎಂದರು. ಜೈಲಿನಿಂದ ಬಂದ ಮೇಲೆ ಅವರು ತಾವಾಗಿ ಆಡಿದ ಮೊದಲ ಮಾತು ಅದು.

ಏಳು ವರ್ಷ ಬಂದಳು. ನಡುವೆ ಈಗ ಎರಡು ಸಾಲು ಮುಳ್ಳುತಂತಿ, ನೆಲದ ತುಂಬ ಸಿಡಿಗುಂಡು ಹೂತಿದ್ದಾರೆ. ಒಂದು ನಾಯಿ ಹೋದರೂ ಸಿಡಿಯುತ್ತದೆ. ಅವಳ ಕಾಲಿಗೆ ಒಂದೂ ಸಿಡಿಯಲಿಲ್ಲ. ಬಸುರಿ ಹೆಂಗಸು ಹೆಜ್ಜೆ ಇಡುವುದೇ ಹಾಗೆ, ನೋಡಿ ನೋಡಿ. ನಾವಿಬ್ಬರೂ ದಿನಾ ಬೆಳಿಗ್ಗೆ ಹಿತ್ತಿಲಲ್ಲಿ ಕೂತು ತಂತಿಯ ಕಂಬಗಳ ಗುರುತಿನ ಮೇಲೆ ಅಳೆಯುತ್ತಿದ್ದೆವು. ಇವತ್ತು ಆ ಕಂಬ ದಾಟಿದಳು, ಇವತ್ತು ಜಾಲಿಯ ನೆರಳಿಗೆ ಬಂದಳು. ಮನೆಯ ಮುಂದೆ ಆರನೆಯ ಮೆಟ್ಟಿಲಿಗೆ ನೆಲ ಅಗೆದು, ಹಸನು ಮಾಡಿ ಇಟ್ಟೆವು. ಹಟ್ಟಿಯ ಹೆಂಗಸರು ಬಂದು ನೋಡಿ ಹೋದರು. ಕೊಟ್ಟ ಮಗಳು ತವರಿಗೆ ಮೆಟ್ಟಿಲಾಗುವುದು ಎಲ್ಲಾದರೂ ಉಂಟೇ ಎಂದು ಒಬ್ಬಳು ಅಂದಳು. ಬರಬೇಕಾದಾಗ ಬಿಡಲಿಲ್ಲ, ಈಗ ಬರುತ್ತಿದ್ದಾಳೆ, ನಿನಗೇನು ಕಷ್ಟ ಎಂದು ಬೈದು ಕಳಿಸಿದೆ.

ನಮ್ಮ ಹಿತ್ತಿಲಿಗೆ ಹದಿನೇಳು ಮಾರು ಉಳಿದಿತ್ತು. ಈ ವರ್ಷ ಬೇಸಿಗೆಯಲ್ಲಿ ಎರಡು ರಾಜ್ಯದವರೂ ಬಾವಿಯ ಹತ್ತಿರ ಶಾಮಿಯಾನ ಹಾಕಿ ಮಾತುಕತೆಗೆ ಕೂತರು. ನಮ್ಮ ಕಡೆಯಿಂದ ಅದೇ ಸಾಹೇಬರು, ಈಗ ಇನ್ನೂ ದೊಡ್ಡವರು, ಕೂದಲು ನೆರೆತಿತ್ತು. ಗುಡ್ಡ ಯಾರದು, ಊರಿನ ಹೆಸರೇನು, ಮೊದಲು ಹೊಡೆದವರು ಯಾರು, ಯಾವುದರಲ್ಲೂ ಒಮ್ಮತ ಬರಲಿಲ್ಲ. ಒಂದೇ ಒಂದು ವಿಷಯಕ್ಕೆ ಇಬ್ಬರೂ ಸಹಿ ಹಾಕಿದರು. ಎರಡು ತಂತಿಗಳ ನಡುವೆ ನಿಂತಿರುವ ಯಾವುದೇ ಕಲ್ಲನ್ನು ಮಲಗಿಸತಕ್ಕದ್ದು. ಸಾಹೇಬರು ಒಂದು ಹಳೆಯ ಕಾಗದ ತೆಗೆದು ಎಲ್ಲರಿಗೂ ಓದಿ ಹೇಳಿದರಂತೆ. ಅದರ ಕೆಳಗೆ ನನ್ನ ಹೆಬ್ಬೆಟ್ಟಿತ್ತು.

ನೆಲ ತಟ್ಟಿ ನೋಡುವ ಕೋಲು ಹಿಡಿದು ನಾಲ್ವರು ಈ ಕಡೆಯಿಂದ, ನಾಲ್ವರು ಆ ಕಡೆಯಿಂದ ನಡೆದರು. ನಾನು ಸಾಹೇಬರ ದಾರಿಗೆ ಅಡ್ಡ ನಿಂತೆ.

"ಅದು ಗಡಿಕಲ್ಲಲ್ರೀ. ನನ್ನ ಮಗಳು. ಇನ್ನೊಂದ ಎರಡ ವರ್ಷ ಬಿಟ್ಟರ ಮನಿಗೆ ಬರ್ತಾಳ."

"ಗೊತ್ತು ತಾಯಿ" ಎಂದರು. ನಿಜವಾಗಿಯೂ ಗೊತ್ತಿತ್ತು ಅವರಿಗೆ, ಅದೇ ನನ್ನನ್ನು ಕೊಂದದ್ದು. "ನಿಂತ ಕಲ್ಲು ಯಾರದಾದರೂ ನಮಗೆ ಒಂದೇ. ಮೆಲ್ಲಗೆ ಮಲಗಿಸಲು ಹೇಳಿದ್ದೇನೆ."

ಮೆಲ್ಲಗೇ ಮಲಗಿಸಿದರು, ಸುಳ್ಳು ಹೇಳಬಾರದು. ಯಜಮಾನರು ಎದ್ದು ತಂತಿಯ ಕಡೆ ಹೊರಟರು, "ನಾ ಹೋಗಿ ಎಬ್ಬಸ್ತೀನಿ, ಮಾತು ಕೊಟ್ಟೀನಿ" ಎನ್ನುತ್ತಾ. ಮಾತು ಕೊಟ್ಟದ್ದು ಯಾವ ಕಲ್ಲಿಗೆ ಎನ್ನುವುದು ಅವರಿಗೆ ನೆನಪಿರಲಿಲ್ಲ. ಅವರ ಧೋತರದ ಚುಂಗು ಹಿಡಿದು ಎಳೆದು ಕೂರಿಸಿದೆ.

ಮಳೆ ಹಿಡಿಯುವ ಮುಂಚೆ ನಮ್ಮ ಕಡೆಯವರು ಅಲ್ಲಿ ತಗಡಿನದೊಂದು ಪಹರೆ ಮನೆ ಕಟ್ಟಿಕೊಂಡರು. ಅದರ ಬಾಗಿಲು ಸರಿಯಾಗಿ ಮಲಗಿದ ಕಲ್ಲಿನ ಎದುರಿಗೇ ಬಂತು. ಬೆಳಿಗ್ಗೆ ಒಬ್ಬ ಸಿಪಾಯಿ ಅದರ ಮೇಲೆ ಕೂತು ಬೂಟಿನ ದಾರ ಕಟ್ಟಿಕೊಳ್ಳುತ್ತಾನೆ, ಉಳಿದವರು ತುಳಿದು ಹತ್ತುತ್ತಾರೆ, ಇಳಿಯುತ್ತಾರೆ. ಅವರ ತಪ್ಪೇನಿಲ್ಲ, ಮೆಟ್ಟಿಲಿರುವುದೇ ತುಳಿಯಲಿಕ್ಕೆ. ಕಾಶವ್ವ ಅಂತೂ ಮೆಟ್ಟಿಲಾದಳು. ನಮ್ಮ ಪದ್ಧತಿಯ ಪ್ರಕಾರ ಅವಳ ಸಾವು ಮುಗಿಯಿತು, ಇನ್ನು ಮನೆಯಲ್ಲಿ ಸಿಹಿ ಮಾಡಬಹುದು.

ಮೊನ್ನೆ ಕಾರ ಹುಣ್ಣಿಮೆಗೆ ಯಜಮಾನರು ಒಲೆಯ ಹತ್ತಿರ ಬಂದು, "ಹೋಳಿಗಿ ಮಾಡತೀಯೇನ?" ಎಂದು ಕೇಳಿದರು. ರೊಟ್ಟಿ ಬಡಿದು ಹಾಕಿದೆ. ಮನೆಯ ಮುಂದೆ ಆರನೆಯ ಮೆಟ್ಟಿಲಿಗೆಂದು ಅಗೆದ ಗುಂಡಿಯನ್ನು ನಾನಿನ್ನೂ ಮುಚ್ಚಿಲ್ಲ. ಇಳಿಯುವಾಗ ಅವರು ದಿನಾ ಅಲ್ಲಿ ಮುಗ್ಗರಿಸುತ್ತಾರೆ. "ನೋಡಿ ಇಳೀರಿ" ಎಂದು ದಿನಾ ಹೇಳುತ್ತೇನೆ.